ಟಿಟಿ ತಗೊಂಡು ಕ್ಯಾರವಾನ್ ಮಾಡಿಸೋರು ಅಡ್ವಾನ್ಸ್ ಕೊಡೋ ಮುಂಚೆ ಓದಿ

ಹಳೇ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು ಕ್ಯಾರವಾನ್, ಅಂದರೆ ಒಳಗೇ ಅಡುಗೆ ಮಾಡಿಕೊಂಡು ಮಲಗುವಂಥ ಗಾಡಿ, ಮಾಡಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ದುಡ್ಡು ತೆಗೆಯಿರಿ. ನಮ್ಮ ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಗಾಡಿ ಮಾಡಿಕೊಟ್ಟ ವರ್ಕ್‌ಶಾಪಿನವನು ಕೊಟ್ಟ ಉತ್ತರಗಳು. ದೂರು ನಡೆಯುತ್ತಿದೆ, ಹಾಗಾಗಿ ವರ್ಕ್‌ಶಾಪ್ ಹೆಸರು ಬರೆಯುತ್ತಿಲ್ಲ. ಬೆಂಗಳೂರಿನ ಹೊರಗೆ ಅಂತ ಮಾತ್ರ ಹೇಳ್ತೀನಿ.

ಗಾಡಿ 7 ಲಕ್ಷ, ಒಳಗಿನ ಕೆಲಸ 6.5 ಲಕ್ಷ. ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್, ಒಂದು ಟನ್ ಎಸಿ, ಮೇಲೆ ಸೋಲಾರ್. "ಹದಿಮೂರೂವರೆಗೆ ಎಲ್ಲ ಮುಗೀತು ಮೇಡಂ, ಆಮೇಲೆ ಜೀವನಪೂರ್ತಿ ಹೋಟೆಲ್ ಖರ್ಚೇ ಇಲ್ಲ." ಹೋಟೆಲ್ ಖರ್ಚಂತೆ! ಹದಿಮೂರೂವರೆ ಲಕ್ಷವನ್ನು 7 ಪರ್ಸೆಂಟ್ ಎಫ್‌ಡಿಯಲ್ಲಿ ಇಟ್ಟರೂ ವರ್ಷಕ್ಕೆ 94 ಸಾವಿರ ಬರುತ್ತದೆ. ಅದರಲ್ಲಿ ಎಷ್ಟು ದಿನ ಒಳ್ಳೇ ರೂಮಿನಲ್ಲಿ ಇರಬಹುದು, ನೀವೇ ಲೆಕ್ಕ ಹಾಕಿ.

ಬಿಲ್ ಕೇಳಿದರೆ, "ಪಕ್ಕಾ ಬಿಲ್ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಆಗುತ್ತೆ, ಸುಮ್ನೆ ಯಾಕೆ ಮೇಡಂ?" ಅಂದ. ನಾನು ಬಿಡಲಿಲ್ಲ. ಕೊನೆಗೆ ಲೆಟರ್‌ಹೆಡ್ ಮೇಲೆ ಏನೇನು ಹಾಕಿದ್ದಾನೆ ಅಂತ ಒಂದೊಂದಾಗಿ ಬರೆಸಿಕೊಂಡೆ. ಇವತ್ತು ನಮ್ಮ ಕೈಯಲ್ಲಿರೋದು ಆ ಒಂದು ಹಾಳೆ ಮಾತ್ರ. ಅದರಲ್ಲಿ ನೀಟಾಗಿ ಬರೆದಿದೆ: ಲೀಥಿಯಮ್ ಬ್ಯಾಟರಿ, 12 ವೋಲ್ಟ್, 400 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಲೆಕ್ಕ).

ಬೇಸಿಗೆ ರಜೆಯಲ್ಲಿ ಹಂಪಿಗೆ ಹೊರಟೆವು. ಅತ್ತೆ, ಮಕ್ಕಳು, ನಾವಿಬ್ಬರು. ರಾತ್ರಿ ಊಟ ಮುಗಿಸಿ ಎಸಿ ಹಾಕಿದೆವು. "ರಾತ್ರಿಯಿಡೀ ಓಡುತ್ತೆ, ಬೆಳಿಗ್ಗೆ ಸೋಲಾರ್ ಚಾರ್ಜ್ ಮಾಡ್ಕೊಳ್ಳುತ್ತೆ" ಅಂದಿದ್ದ. ಒಂದು ಗಂಟೆ ಕೂಡ ಆಗಿರಲಿಲ್ಲ, ಇನ್ವರ್ಟರ್ ಕೀ ಕೀ ಅಂತ ಕೂಗಿ ಆಫ್ ಆಯಿತು. ಫ್ಯಾನೂ ಇಲ್ಲ, ಲೈಟೂ ಇಲ್ಲ. ಹೊಸಪೇಟೆ ಬಿಸಿಲಿಗೆ ಇಡೀ ದಿನ ಕಾದಿದ್ದ ತಗಡಿನ ಗಾಡಿ. ಇಡ್ಲಿ ಪಾತ್ರೆಯೊಳಗೆ ಮಲಗಿದ ಹಾಗೆ. ಅತ್ತೆ ಬಾಯಿಬಿಟ್ಟು ಏನೂ ಹೇಳಲಿಲ್ಲ, ಸೆರಗಿನಲ್ಲಿ ಮಕ್ಕಳಿಗೆ ಗಾಳಿ ಹಾಕುತ್ತಾ ಕೂತಿದ್ದರು. ಅವರು ಬೈದಿದ್ದರೆ ವಾಸಿ ಇತ್ತು.

ಬೆಳಿಗ್ಗೆ ಹೊಸಪೇಟೆಯಲ್ಲಿ ಒಂದು ಬ್ಯಾಟರಿ ಅಂಗಡಿಗೆ ಹೋದೆವು. ಬ್ಯಾಟರಿ ಮಕ್ಕಳ ಹಾಸಿಗೆ ಕೆಳಗೆ, ಕಪ್ಪು ಪೆಟ್ಟಿಗೆಯೊಳಗೆ ಇತ್ತು. ಸುತ್ತ ರಿವೆಟ್ ಹೊಡೆದು, ಮೇಲೆ "ತೆರೆದರೆ ವಾರಂಟಿ ಇಲ್ಲ" ಅಂತ ಸ್ಟಿಕ್ಕರ್. ಹುಡುಗ ರಿವೆಟ್ ಕಿತ್ತ, ಮುಚ್ಚಳ ಎತ್ತಿದ. ಒಳಗೆ ಎರಡು ಬ್ಯಾಟರಿ. ಮೇಲುಗಡೆ ಸಾಲಾಗಿ ನೀರು ಹಾಕುವ ಬಿರಡೆಗಳು! ಟರ್ಮಿನಲ್ ಸುತ್ತ ಬಿಳೀ ಪುಡಿ ಕಟ್ಟಿತ್ತು. ಲೇಬಲ್ ಕೆರೆದು ತೆಗೆದಿದ್ದರು, ಅಂಟು ಮಾತ್ರ ಉಳಿದಿತ್ತು. "ಅಕ್ಕಾರ, ಇದು ಲೀಥಿಯಮ್ ಅಲ್ರೀ. ಮನಿ ಇನ್ವರ್ಟರ್ ಬ್ಯಾಟರಿ ಐತಿ, ಅದೂ ಹಳೇವು. ಯಾರ್ ಹಾಕಿ ಕೊಟ್ರ್ರೀ ಇದನ್ನ?" ಅಂತ ಅವನು ಕೇಳಿದಾಗ ನಮ್ಮ ಮನೆಯವರು ರಸ್ತೆ ಕಡೆ ತಿರುಗಿ ನಿಂತರು. ನನಗೆ ನೀರು ಹಾಕುವ ಬಿರಡೆಗಳ ಮೇಲಿಂದ ಕಣ್ಣು ಕೀಳೋಕೆ ಆಗಲಿಲ್ಲ. ಲೀಥಿಯಮ್‌ಗೆ ಯಾರಾದರೂ ನೀರು ಹಾಕ್ತಾರಾ? ಇಂಥ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿ ಆಡುವ ಕಡೆ ಇಡಬೇಕು. ಅದರ ಮೇಲೆ ಮಕ್ಕಳನ್ನು ಮಲಗಿಸಿದ್ದೆವು.

ಲೆಕ್ಕ ಆಮೇಲೆ ಗೊತ್ತಾಯಿತು. 400 ಎಎಚ್ ಲೀಥಿಯಮ್ ಅಂದರೆ ಸುಮಾರು 5 ಯೂನಿಟ್ ಕರೆಂಟು. ಸೆಕೆಯಲ್ಲಿ ಒಂದು ಟನ್ ಎಸಿ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ಎಳೆಯುತ್ತದೆ. ಅಂದರೆ ಅವನು ಬರೆದುಕೊಟ್ಟ ಬ್ಯಾಟರಿಯೇ ಇದ್ದಿದ್ದರೂ ರಾತ್ರಿಯಿಡೀ ಅನ್ನೋದು ಸುಳ್ಳು. ಮೇಲಿರುವ 330 ವಾಟ್ ಪ್ಯಾನೆಲ್ ಒಳ್ಳೇ ಬಿಸಿಲಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಕೊಟ್ಟರೆ ಹೆಚ್ಚು.

ಅಂಗಡಿ ಮುಂದೆ ನಿಂತೇ ಫೋನ್ ಮಾಡಿದೆ. ಅವನ ಮೊದಲ ಮಾತು ಕೇಳಿ: "ಅಯ್ಯೋ, ಬಾಕ್ಸ್ ತೆಗೆದುಬಿಟ್ರಾ ಮೇಡಂ? ಹಾಗಾದ್ರೆ ವಾರಂಟಿ ಹೋಯ್ತಲ್ಲ." ನಾನು ಹಾಳೆಯಲ್ಲಿ ಇರೋದನ್ನ ಓದಿದೆ. "ಅದು ಲೀಥಿಯಮ್‌ಗೆ ಆಗೋ ವೈರಿಂಗ್ ಮೇಡಂ. ಮುಂದೆ ನೀವು ಲೀಥಿಯಮ್ ಹಾಕಿಸ್ಕೋಬಹುದು ಅಂತ." ಮುಂದೆ! ಬ್ಯಾಟರಿಗೆ ಅಂತಲೇ ಒಂದು ಲಕ್ಷದ ಮೇಲೆ ಎಣಿಸಿಕೊಂಡಿದ್ದಾನೆ. ನಾನು ದನಿ ಏರಿಸಿದ ಮೇಲೆ, "ನಿಮ್ಗೆ ಟೆಕ್ನಿಕಲ್ ಗೊತ್ತಾಗಲ್ಲ, ಸಾರ್‌ಗೆ ಫೋನ್ ಕೊಡಿ." ನಮ್ಮ ಸಾರ್‌ಗೆ ಮನೆ ಟಾರ್ಚಿಗೆ ಸೆಲ್ ಹಾಕೋಕೂ ನಾನೇ ಬೇಕು. ಮಾರನೇ ದಿನ ವಾಯ್ಸ್ ಮೆಸೇಜ್: "ನೀವೇ ಬ್ಯಾಟರಿ ಬದಲಾಯಿಸಿ ನಮ್ಮ ಮೇಲೆ ಹಾಕ್ತಿದ್ದೀರ."

ಇಷ್ಟಾದರೂ ಇದು ಸಣ್ಣ ವಿಷಯ ಅನ್ನಿಸಿದ್ದು ವಾಪಸ್ ಬರುವಾಗ. ಹೈವೇಯಲ್ಲಿ ಚೆಕಿಂಗ್‌ನವರು ಗಾಡಿ ನಿಲ್ಲಿಸಿದರು. ಆರ್‌ಸಿಯಲ್ಲಿ 13 ಸೀಟಿನ ಬಸ್, ಹಳದಿ ಬೋರ್ಡ್. ಇಣುಕಿ ನೋಡಿದರೆ ಒಲೆ, ಹಾಸಿಗೆ. "ಸೀಟೆಲ್ಲಮ್ಮ?" ಅಂತ ಕೇಳಿದರು. ಏನು ಹೇಳೋದು? "ಆರ್‌ಟಿಒ ಕೆಲಸ ಎಲ್ಲ ನಮ್ದೇ, ನೀವು ತಲೆ ಕೆಡಿಸ್ಕೋಬೇಡಿ" ಅಂದವನು ಆರ್‌ಟಿಒ ಬಾಗಿಲಿಗೂ ಹೋಗಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸುವ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಹಾಕಬಹುದು, ಆರು ತಿಂಗಳವರೆಗೆ ಜೈಲು ಕೂಡ ಆಗಬಹುದು. ಅದೂ ಮಾಲೀಕರಿಗೆ. ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಇದೆ. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೀಬೇಕು. ಆ ಖರ್ಚು ಸೇರಿಸಿದವರ ಕೊಟೇಶನ್ ಜಾಸ್ತಿ ಇರುತ್ತೆ. ಜಾಸ್ತಿ ಯಾಕೆ ಅಂತ ಈಗ ಅರ್ಥ ಆಗ್ತಿದೆ.

ಇನ್ಶೂರೆನ್ಸ್ ಕೂಡ 13 ಸೀಟಿನ ಬಸ್ ಹೆಸರಲ್ಲೇ ಇದೆ. ಒಳಗೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಓಡಾಡಿದ್ದೇವೆ. ಏನಾದರೂ ಆಗಿದ್ದರೆ ಕ್ಲೇಮ್ ಗತಿ ಏನು?

ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ಆದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಸೀಟಿಲ್ಲದ ಗಾಡಿಗೆ ಎಫ್‌ಸಿ ಯಾರು ಕೊಡ್ತಾರೆ ಅಂದಿದ್ದಕ್ಕೆ ಅವನ ಉತ್ತರ: "ನಿಮ್ಮ ಸೀಟೆಲ್ಲ ನಮ್ಮ ಗೋಡೌನ್‌ನಲ್ಲೇ ಇದೆ ಮೇಡಂ. ಎಫ್‌ಸಿ ಟೈಮಲ್ಲಿ ಹಾಸಿಗೆ ಬಿಚ್ಚಿ ಸೀಟ್ ಹಾಕ್ತೀವಿ, ಆಮೇಲೆ ಸೀಟ್ ಬಿಚ್ಚಿ ಹಾಸಿಗೆ ಹಾಕ್ತೀವಿ. ಲೇಬರ್ ಮಾತ್ರ ಕೊಡಿ ಸಾಕು." ಇದನ್ನು ಒಂಚೂರೂ ನಗದೆ ಹೇಳಿದ ಅನ್ನೋದು ನಿಮಗೆ ಗೊತ್ತಿರಲಿ.

ಉಳಿದದ್ದು ಬೇಗ ಹೇಳಿಬಿಡ್ತೀನಿ. ಟಾಯ್ಲೆಟ್ ಪಕ್ಕದ ಪ್ಲೈವುಡ್ ಮೊದಲ ಮಳೆಗಾಲಕ್ಕೇ ಉಬ್ಬಿ ಪದರ ಪದರ ಬಿಟ್ಟಿತು. ನೀರು ತಡೆಯುವ ಮರೀನ್ ಪ್ಲೈ ಅಂದಿದ್ದ, ಹಿಂದೆ ಸಾಮಾನ್ಯ ಪ್ಲೈವುಡ್‌ಗೆ ಹಾಕುವ ಐಎಸ್ 303 ಮುದ್ರೆ ಇದೆ. ಮರೀನ್ ಆದರೆ 710 ಇರಬೇಕು. "ಹೊಸ ಟೈರ್" ಮೇಲಿನ ನಾಲ್ಕು ಅಂಕಿ 3217, ಅಂದರೆ 2017ರ 32ನೇ ವಾರ. ಟೋಲ್‌ನಲ್ಲಿ ಕಾರಿನ ರೇಟಲ್ಲ, ಮಿನಿ ಬಸ್ ರೇಟು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗೆ ಗಾಡಿ ಎತ್ತರ ಆಗಲ್ಲ, ಹೊರಗೆ ನಿಲ್ಲಿಸಿದರೆ ಅಸೋಸಿಯೇಶನ್ ಬಿಡಲ್ಲ. ಖಾಲಿ ಸೈಟ್ ಒಂದಕ್ಕೆ ತಿಂಗಳಿಗೆ 4,500 ಬಾಡಿಗೆ ಕೊಡ್ತಿದ್ದೇವೆ. ನಿಂತ ಗಾಡಿಗೆ!

ನೀವು ಮಾಡಿಸೋದೇ ಆದರೆ ಅವರು ಮುಂಚೆ ಮಾಡಿದ ಗಾಡಿಯ ಆರ್‌ಸಿ ನೋಡಿ, ಅದರಲ್ಲಿ ಕ್ಯಾರವಾನ್ ಅಂತ ಇಲ್ಲದಿದ್ದರೆ ಟೀ ಕೂಡ ಕುಡಿಯದೆ ಎದ್ದು ಬನ್ನಿ. ಬ್ಯಾಟರಿ ಪೆಟ್ಟಿಗೆ ನಿಮ್ಮ ಕಣ್ಣೆದುರಿಗೇ ಮುಚ್ಚಲಿ. ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. "ಮೇಡಂಗೆ ಗೊತ್ತಾಗಲ್ಲ" ಅನ್ನೋ ಗಂಡಸರ ಹತ್ತಿರ ವ್ಯವಹಾರವೇ ಬೇಡ.

ನಾವು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿದ್ದೇವೆ. ನೋಟಿಸ್ ತಲುಪಿದ ದಿನ ಅವನಿಂದ ಮೆಸೇಜ್ ಬಂತು: "ಮೇಡಂ, ಮಾತಾಡಿ ಬಗೆಹರಿಸ್ಕೋಬಹುದಿತ್ತು. ಬನ್ನಿ, ಲೀಥಿಯಮ್ ಹಾಕ್ಕೊಡ್ತೀನಿ, ಡಿಫರೆನ್ಸ್ ಅಮೌಂಟ್ ಮಾತ್ರ ಕೊಡಿ." ಸ್ಕ್ರೀನ್‌ಶಾಟ್ ತೆಗೆದು ವಕೀಲರಿಗೆ ಕಳಿಸಿದ್ದೇನೆ. ನಿಮಗೂ ಯಾರಾದರೂ ಇದೇ ಥರ ಬಾಕ್ಸ್ ಮುಚ್ಚಿ ಗಾಡಿ ಕೊಟ್ಟಿದ್ದರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೇ ದೂರು ಕೊಡೋಣ.