ಲಂಡನ್ನಿನಲ್ಲಿ ಪಂದ್ಯ ನೋಡೋದಾದರೆ ದೊಡ್ಡ ಕ್ಲಬ್ಬೋ, ಡಲಿಚ್ ಹ್ಯಾಮ್ಲೆಟ್ಟೋ?

ಮೊದಲೇ ಹೇಳಿಬಿಡುತ್ತೇನೆ. ಫುಟ್‌ಬಾಲ್ ನೋಡಲು ಗೆಳೆಯರ ಜೊತೆ ಲಂಡನ್ನಿಗೆ ಹೋಗುವವರು ಡಲಿಚ್ ಹ್ಯಾಮ್ಲೆಟ್‌ನಂಥ ಸಣ್ಣ ಕ್ಲಬ್ಬಿನ ಪಂದ್ಯಕ್ಕೇ ಹೋಗಿ. ಅಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗ್‌ನ ಪಂದ್ಯಕ್ಕೆ ನಾವು ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾವು ನಾಲ್ವರೂ ಚಿಕ್ಕಮಗಳೂರಿನ ಸುಭಾಷ್ ಚಂದ್ರ ಬೋಸ್ ಮೈದಾನದಲ್ಲಿ ಚೆಂಡು ಒದ್ದು ಬೆಳೆದವರು. ಅಕ್ಟೋಬರ್‌ನಲ್ಲಿ, ಕಾಫಿ ಕೊಯ್ಲು ಶುರುವಾಗೋದರೊಳಗೆ, ಒಂಬತ್ತು ದಿನ ಬಿಡುವು ಮಾಡಿಕೊಂಡು ಹೊರಟೆವು. ಎರಡು ಶನಿವಾರ ಸಿಕ್ಕಿದ್ದವು. ಒಂದು ದೊಡ್ಡ ಕ್ಲಬ್ಬಿಗೆ, ಇನ್ನೊಂದು ಸಣ್ಣದಕ್ಕೆ ಅಂತ ಇಟ್ಟುಕೊಂಡೆವು.

ದೊಡ್ಡ ಕ್ಲಬ್ಬುಗಳ ಟಿಕೆಟ್ ಮೊದಲು ಇಡೀ ಸೀಸನ್ನಿಗೆ ಟಿಕೆಟ್ ತಗೊಂಡವರಿಗೆ, ಆಮೇಲೆ ಸದಸ್ಯರಿಗೆ. ಹೊರಗಿನವರಿಗೆ ಉಳಿಯೋದೇ ಕಷ್ಟ. ಹಾಗಾಗಿ ಆನ್‌ಲೈನ್‌ನಲ್ಲಿ ಮರುಮಾರಾಟ ಮಾಡುವ ಒಬ್ಬರ ಹತ್ತಿರ ಕೊಂಡೆವು. ತಲಾ 140 ಪೌಂಡ್. ಅಂದರೆ ಸುಮಾರು 16 ಸಾವಿರ ರೂಪಾಯಿ. 'ನಾಲ್ಕೂ ಸೀಟು ಒಟ್ಟಿಗೆ' ಅಂತ ಬರೆದಿದ್ದರು.

ಹಿಂದಿನ ರಾತ್ರಿ ಹನ್ನೊಂದಕ್ಕೆ ಟಿಕೆಟ್ ಫೋನಿಗೆ ಬಂತು. ನಾಲ್ಕೂ ಬೇರೆ ಬೇರೆ ಸ್ಟ್ಯಾಂಡು. ನಾಲ್ಕರಲ್ಲೂ ಯಾರದೋ ಹೆಸರು. ಫೋನ್ ಮಾಡಿದರೆ ಎತ್ತುವವರಿಲ್ಲ.

ಮಾರನೇ ದಿನ ನಾವು ಮೂವರು ಹೇಗೋ ಒಳಗೆ ಹೋದೆವು. ಮೂಡಿಗೆರೆಯ ಗೆಳೆಯನ ಫೋನ್ ಇಟ್ಟಾಗ ಮಾತ್ರ ಗೇಟಿನಲ್ಲಿ ಕೆಂಪು ದೀಪ. ಪರದೆ ಒರೆಸಿ ಮತ್ತೆ ಇಟ್ಟ, ಮತ್ತೆ ಕೆಂಪು. ಗೇಟಿನವನು ಟಿಕೆಟ್ ಮೇಲಿನ ಹೆಸರು ಕೇಳಿದ. ಇವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪಕ್ಕಕ್ಕೆ ನಿಲ್ಲಿಸಿದರು, ಆಮೇಲೆ ಹೊರಗೆ ಕಳಿಸಿದರು.

ಇದು ನನಗೆ ಗೊತ್ತಾಗಿದ್ದು ಸೀಟಲ್ಲಿ ಕೂತ ಮೇಲೆ. 'ನಾನು ಹೊರಗಿದ್ದೀನಿ ಕಣೋ, ನೀವು ನೋಡ್ಕೊಂಡು ಬನ್ನಿ' ಅಂತ ಮೆಸೇಜ್. ಒಮ್ಮೆ ಹೊರಗೆ ಹೋದರೆ ಮತ್ತೆ ಬಿಡಲ್ಲ. ಸುತ್ತ ಸಾವಿರಾರು ಜನ ಹಾಡುತ್ತಿದ್ದಾರೆ, ನನ್ನ ಪಕ್ಕ ಒಬ್ಬರೂ ಪರಿಚಯದವರಿಲ್ಲ. ಗೋಲಾಯಿತು, ಎಲ್ಲರೂ ಎದ್ದರು, ನಾನೂ ಎದ್ದೆ. ಯಾರನ್ನು ತಬ್ಬಿಕೊಳ್ಳೋದು? ಅರ್ಧ ಪಂದ್ಯಕ್ಕೇ ಮೂವರೂ ಹೊರಬಂದೆವು. ಅವನು ಒಂದು ಅಂಗಡಿಯ ಸೂರಿನಡಿ, ಸ್ವೆಟರ್ ತೋಳಿನೊಳಗೆ ಕೈ ಎಳೆದುಕೊಂಡು ನಿಂತಿದ್ದ. ನಮ್ಮನ್ನು ನೋಡಿ ಮೊದಲು ಕೇಳಿದ್ದು, "ಸ್ಕೋರ್ ಎಷ್ಟಾಯ್ತು?"

ಇಂಗ್ಲೆಂಡಿನಲ್ಲಿ ಅನುಮತಿಯಿಲ್ಲದೆ ಫುಟ್‌ಬಾಲ್ ಟಿಕೆಟ್ ಮರುಮಾರಾಟ ಮಾಡೋದು 1994ರ ಕಾನೂನಿನ ಪ್ರಕಾರ ಅಪರಾಧ. ಇದನ್ನು ನಾವು ತಿಳಿದುಕೊಂಡಿದ್ದು ದುಡ್ಡು ಹೋದ ಮೇಲೆ. ವಾಪಸ್ ಒಂದು ಪೈಸೆಯೂ ಬರಲಿಲ್ಲ.

ಎರಡನೇ ಶನಿವಾರ ಡಲಿಚ್. ಲಂಡನ್ ಬ್ರಿಡ್ಜ್‌ನಿಂದ ರೈಲು ಹತ್ತಿ ಈಸ್ಟ್ ಡಲಿಚ್‌ನಲ್ಲಿ ಇಳಿದರೆ ಚಾಂಪಿಯನ್ ಹಿಲ್ ಮೈದಾನ ನಡೆದುಹೋಗುವಷ್ಟು ಹತ್ತಿರ. ಕ್ಲಬ್ಬಿನಿಂದಲೇ ಕೊಂಡ ಟಿಕೆಟ್ ತಲಾ ಹದಿನೈದು ಪೌಂಡಿನ ಒಳಗೆ. ನಾಲ್ವರೂ ಒಂದೇ ಕಂಬಿಗೆ ಒರಗಿ ನಿಂತೆವು. 1893ರಲ್ಲಿ ಹುಟ್ಟಿದ ಕ್ಲಬ್, ಗುಲಾಬಿ ಮತ್ತು ಕಡುನೀಲಿ ಬಣ್ಣ. 1929ರಲ್ಲಿ ಇಂಗ್ಲೆಂಡ್ ಪರ ಆಡಿದ ಇವರ ಎಡ್ಗರ್ ಕೇಲ್ ಹೆಸರನ್ನು ಇವತ್ತಿಗೂ ಹಾಡುತ್ತಾರೆ. ಅವನ ಹೆಸರಿನ ರಸ್ತೆಯೂ ಅಲ್ಲೇ ಇದೆ.

ಗೋಲ್‌ಕೀಪರ್ ನಮ್ಮಿಂದ ನಾಲ್ಕೇ ಮಾರು ದೂರ. ಬೂಟಿನ ಮಣ್ಣನ್ನು ಗೋಲ್ ಕಂಬಕ್ಕೆ ತಟ್ಟಿ ಉದುರಿಸಿಕೊಳ್ಳುತ್ತಿದ್ದ. ಡಿಫೆಂಡರ್‌ಗೆ ಬೈದರೆ ಅಕ್ಷರ ಅಕ್ಷರವೂ ಕೇಳಿಸುತ್ತಿತ್ತು. ಅರ್ಧ ಸಮಯ ಆದ ಕೂಡಲೇ ಅಭಿಮಾನಿಗಳೆಲ್ಲ ಎದ್ದು ಮೈದಾನದ ಆ ಕಡೆಯ ಗೋಲಿನ ಹಿಂದಕ್ಕೆ ನಡೆದರು. ತಮ್ಮ ತಂಡ ಯಾವ ಕಡೆ ಗೋಲು ಹೊಡೆಯುತ್ತೋ ಅಲ್ಲಿರಬೇಕಲ್ವಾ! ನಾವೂ ಜೊತೆಗೆ ಹೋದೆವು. ಪಕ್ಕದ ಅಜ್ಜ ಎಲ್ಲಿಂದ ಬಂದಿರಿ ಅಂತ ಕೇಳಿದರು. ಕಾಫಿ ಬೆಳೆಯುವ ಊರು ಅಂದೆವು. ಆಮೇಲೆ ಅವರು ನಮ್ಮನ್ನು ಬಿಡಲೇ ಇಲ್ಲ.

1948ರ ಲಂಡನ್ ಒಲಿಂಪಿಕ್ಸ್‌ನ ಒಂದು ಫುಟ್‌ಬಾಲ್ ಪಂದ್ಯ ಚಾಂಪಿಯನ್ ಹಿಲ್‌ನಲ್ಲೂ ನಡೆದಿತ್ತು. ಅದೇ ಕೂಟದಲ್ಲಿ ನಮ್ಮ ಭಾರತ ಲಂಡನ್ನಿನ ಆಚೆ ಬದಿಯ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು 2-1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಆಡಿದ್ದು ಬರಿಗಾಲಲ್ಲಿ. ಅಜ್ಜನಿಗೆ ಇದನ್ನು ಹೇಳುವಾಗ ನನಗೆ ಗಂಟಲು ಕಟ್ಟಿತು.

ಆಟದ ಗುಣಮಟ್ಟ? ದೊಡ್ಡವರದ್ದೇ ಮೇಲು, ಎರಡು ಮಾತಿಲ್ಲ. ಊಟ ಎರಡೂ ಕಡೆ ಸುಮಾರು. ಬಿಯರ್ ಕುಡಿಯುವವರಿಗೆ ಡಲಿಚ್ ವಾಸಿ, ದೊಡ್ಡ ಲೀಗುಗಳಲ್ಲಿ ಮೈದಾನ ಕಾಣುವ ಜಾಗದಲ್ಲಿ ಕುಡಿಯಲು ಕಾನೂನು ಬಿಡೋದಿಲ್ಲ. ಪಬ್ಬಿನ ಟಿವಿಯಲ್ಲಿ ನೋಡೋಣ ಅನ್ನಬೇಡಿ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಅಲ್ಲಿ ಫುಟ್‌ಬಾಲ್ ನೇರಪ್ರಸಾರವೇ ಇರೋದಿಲ್ಲ.

ದೊಡ್ಡ ಕ್ಲಬ್ಬೇ ಬೇಕು ಅನ್ನುವವರು ಸದಸ್ಯತ್ವ ತಗೊಂಡು ಕ್ಲಬ್ಬಿನಿಂದಲೇ ಟಿಕೆಟ್ ಕೊಳ್ಳಿ. ಟಿವಿಗಾಗಿ ಪಂದ್ಯದ ದಿನ ಬದಲಾಗುತ್ತಿರುತ್ತದೆ, ವಾಪಸ್ ವಿಮಾನವನ್ನು ಮಾರನೇ ದಿನಕ್ಕೇ ಇಟ್ಟುಕೊಳ್ಳಬೇಡಿ. ನಮಗಂತೂ ಕಂಬಿ ಹಿಡಿದು, ಕೂಗಾಡಿಕೊಂಡು ನೋಡಿಯೇ ಅಭ್ಯಾಸ. ತಲಾ 16 ಸಾವಿರದಲ್ಲಿ ಡಲಿಚ್‌ನಂಥ ಒಂಬತ್ತು ಪಂದ್ಯವನ್ನಾದರೂ ನೋಡಬಹುದಿತ್ತು. ಮೂಡಿಗೆರೆಯವನು ಅಲ್ಲಿಂದ ತಂದ ಗುಲಾಬಿ-ನೀಲಿ ಮಫ್ಲರ್ ಸುತ್ತಿಕೊಂಡೇ ಈ ಸಲ ಕೊಯ್ಲಿಗೆ ಇಳಿದಿದ್ದಾನೆ.