ಫುಟ್‌ಬಾಲ್ ಅಭಿಮಾನಿಗಳು ‘ಮಕ್ಕಳ ಜೊತೆ ನೋಡಿ’ ಅಂದ ಸಿನಿಮಾಗೆ ಟಿಕೆಟ್ ಬುಕ್ ಮಾಡುವ ಮುಂಚೆ

ಚಿಕ್ಕ ಮಕ್ಕಳಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಫುಟ್‌ಬಾಲ್ ಸಿನಿಮಾ ಬಿಡುಗಡೆಯಾದ ಹೊಸತರಲ್ಲಿ ಅಭಿಮಾನಿಗಳು ಬರೆಯುವುದನ್ನು ನಂಬಿಕೊಂಡು ಮಕ್ಕಳನ್ನು ಥಿಯೇಟರಿಗೆ ಕರೆದುಕೊಂಡು ಹೋಗಬೇಡಿ. ‘ಮನೆಮಂದಿಯೆಲ್ಲ ಕೂತು ನೋಡಬಹುದು’ ಅಂತ ನೂರಾರು ಜನ ಬರೆದಿದ್ದರೂ ಸರಿ. ಅವರು ಬೇಕಂತ ಸುಳ್ಳು ಹೇಳುತ್ತಿಲ್ಲ. ಅವರು ನೋಡುವಾಗ ಪಕ್ಕದ ಸೀಟಿನಲ್ಲಿ ಆರು ವರ್ಷದ ಮಗು ಇರಲಿಲ್ಲ, ಅಷ್ಟೇ.

ನಮಗೆ ಕೈಕೊಟ್ಟ ಸಿನಿಮಾದ ಹೆಸರು ಇಲ್ಲಿ ಬೇಡ. ಹೆಸರು ಹೇಳಿದರೆ ಮಾತೆಲ್ಲ ಆ ಸಿನಿಮಾ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಕಡೆಗೆ ಹೋಗುತ್ತದೆ. ಸಿನಿಮಾ ಕೆಟ್ಟದ್ದಲ್ಲ. ನನ್ನ ತಕರಾರು ಇರುವುದು ಅದರ ಬಗ್ಗೆ ಹರಿದಾಡಿದ ಹೊಗಳಿಕೆಯ ಮೇಲೆ.

ಬಿಡುಗಡೆಗೆ ಮುಂಚೆಯೇ ಮಾತು ಶುರುವಾಗಿತ್ತು. ‘ಬೆಂಕಿ’, ‘ಮೈ ಜುಮ್ ಅಂತು’, ‘ಕಣ್ಣಲ್ಲಿ ನೀರು ನಿಲ್ಲಲಿಲ್ಲ’, ‘ಇಷ್ಟು ನಿಜವಾದ ಆಟ ಯಾವ ಸಿನಿಮಾದಲ್ಲೂ ನೋಡಿಲ್ಲ’. ಕೊನೆಗೆ ಎಲ್ಲರದ್ದೂ ಒಂದೇ ಸಾಲು: ಕ್ಲೀನ್ ಸಿನಿಮಾ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಫುಟ್‌ಬಾಲ್ ಹುಚ್ಚಿನ ನನ್ನ ಗೆಳೆಯನೊಬ್ಬ ಫೋನ್ ಮಾಡಿ, "ಕಣ್ಣು ಮುಚ್ಕೊಂಡು ಹೋಗೋ ಮಾರಾಯ, ಪಾಪುಗೆ ತುಂಬ ಇಷ್ಟ ಆಗುತ್ತೆ" ಅಂದ.

ಮಗಳು ಆಗಷ್ಟೇ ಫುಟ್‌ಬಾಲ್ ಕೋಚಿಂಗಿಗೆ ಸೇರಿದ್ದಳು. ಮೊಣಕಾಲ ಕೆಳಗೆ ಏಟು ಬೀಳದಂತೆ ಕಟ್ಟುವ ಶಿನ್ ಗಾರ್ಡ್ ಕಟ್ಟಿಕೊಂಡೇ ಮನೆಯೆಲ್ಲ ಓಡಾಡುವಷ್ಟು ಹುಚ್ಚು. ಸಿನಿಮಾ ನೋಡಿದರೆ ಹುಮ್ಮಸ್ಸು ಇನ್ನೂ ಜಾಸ್ತಿ ಆಗುತ್ತದೆ ಅಂತ ಅವಳನ್ನೂ ಅವಳ ಅಣ್ಣನನ್ನೂ ಕರೆದುಕೊಂಡು ಹೊರಟೆವು. ನಮ್ಮ ಅಮ್ಮನೂ ಬಂದರು.

ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಇತ್ತು. ಬರಿಗಾಲಿನ ಹುಡುಗ, ಗೋಡೆಗೆ ಚೆಂಡು ಒದೆಯುವುದು, ಯಾರೋ ನೋಡಿ ಕ್ಲಬ್ಬಿಗೆ ಕರೆಯುವುದು. ಎಲ್ಲ ಫುಟ್‌ಬಾಲ್ ಸಿನಿಮಾದಲ್ಲೂ ಇರುವುದೇ. ಆಮೇಲೆ ಅಪ್ಪ ಕುಡಿದು ಬಂದು ಸಾಮಾನು ಎತ್ತಿ ಎಸೆಯುವ ದೃಶ್ಯ ಬಂತು. ಎಷ್ಟು ಹೊತ್ತಾದರೂ ಮುಗಿಯಲೇ ಇಲ್ಲ. ಅಮ್ಮ ನನ್ನ ಕಡೆ ಬಗ್ಗಿ, "ಏನೋ ಇದು, ಮಕ್ಕಳ ಸಿನಿಮಾ ಅಂದಿದ್ದೆ?" ಅಂದರು.

ಅದನ್ನಾದರೂ ಹೇಗೋ ದಾಟಿದೆವು. ಕೆಲಸ ಕೆಟ್ಟಿದ್ದು ಟ್ಯಾಕಲ್, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯಲು ನುಗ್ಗುವ ದೃಶ್ಯದಲ್ಲಿ. ಹುಡುಗನ ಗೆಳೆಯ ಚೆಂಡು ತೆಗೆದುಕೊಂಡು ಗೋಲಿನ ಮುಂದಿನ ಬಾಕ್ಸಿನೊಳಗೆ ನುಗ್ಗುತ್ತಾನೆ. ಎದುರು ತಂಡದ ಡಿಫೆಂಡರ್ ಎರಡೂ ಕಾಲು ಚಾಚಿ ಜಾರಿಕೊಂಡು ಬರುತ್ತಾನೆ. ಸ್ಟೇಡಿಯಂ ಗದ್ದಲವೆಲ್ಲ ಒಮ್ಮೆಲೇ ನಿಲ್ಲುತ್ತದೆ. ಆ ಮೌನದಲ್ಲಿ ಮೂಳೆ ಮುರಿಯುವ ಸದ್ದೊಂದೇ, ಅದೂ ಥಿಯೇಟರಿನ ಎಲ್ಲ ಸ್ಪೀಕರುಗಳಿಂದ. ಸಾಲದು ಅಂತ ಸ್ಲೋ ಮೋಷನ್ನಿನಲ್ಲಿ ಇನ್ನೊಂದು ಸಲ. ಸಾಕ್ಸಿನೊಳಗೆ ಕಾಲು ಬಾಗಬಾರದ ಕಡೆ ಬಾಗಿರುವುದನ್ನು ಕ್ಯಾಮೆರಾ ಬಿಡದೆ ತೋರಿಸುತ್ತದೆ. ಮಗಳು ಅಳಲಿಲ್ಲ. ಮುಂದಕ್ಕೆ ಬಗ್ಗಿ ತನ್ನ ಎರಡೂ ಮೊಣಕಾಲುಗಳ ಕೆಳಗೆ ಕೈಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು. ಹಿಂದಿನ ಸಾಲಿನಲ್ಲಿ ಕ್ಲಬ್ ಜೆರ್ಸಿ ಹಾಕಿಕೊಂಡಿದ್ದ ಹುಡುಗರು ಚಪ್ಪಾಳೆ ಹೊಡೆದರು. ಅವರಿಗೆ ಆ ದೃಶ್ಯ ಅಷ್ಟು ಹಿಡಿಸಿತ್ತು.

‘ಮೈ ಜುಮ್ ಅಂತು’ ಅಂತ ಬರೆದವರಲ್ಲಿ ಅರ್ಧಕ್ಕರ್ಧ ಜನ ಹೇಳಿದ್ದು ಇದೇ ದೃಶ್ಯದ ಬಗ್ಗೆ. ಮನೆಗೆ ಬಂದು ಮತ್ತೆ ಓದಿದಾಗ ಗೊತ್ತಾಯಿತು. ‘ನಿಜವಾದ ಆಟ’ ಅಂತ ಹೊಗಳಿದ್ದೂ ಇದನ್ನೇ. ಕತೆ ಹಾಳಾಗಬಾರದು ಅಂತ ಏನಾಯಿತು ಅನ್ನುವುದನ್ನು ಮಾತ್ರ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಸ್ಪಾಯ್ಲರ್ ಕೊಡಬಾರದು ಅನ್ನುವ ಮರ್ಯಾದೆ ದೊಡ್ಡವರಿಗೆ ಸರಿ. ಮಗುವನ್ನು ಕರೆದುಕೊಂಡು ಹೋಗುವವರಿಗೆ ಬೇಕಾಗಿದ್ದೇ ಆ ಸ್ಪಾಯ್ಲರ್.

ಇನ್ನೊಂದು ತಮಾಷೆ ಕೇಳಿ. ಅಷ್ಟು ಘೋರ ಟ್ಯಾಕಲ್‌ಗೆ ಸಿನಿಮಾದ ರೆಫರಿ ಕೊಡುವುದು ಬರೀ ಹಳದಿ ಕಾರ್ಡ್, ಅಂದರೆ ಎಚ್ಚರಿಕೆ ಅಷ್ಟೇ! ಆಟದ ನಿಯಮಗಳಲ್ಲಿ 12ನೆಯದು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಎದುರಾಳಿಯ ಜೀವಕ್ಕೆ, ಮೈಗೆ ಅಪಾಯ ತರುವ ಟ್ಯಾಕಲ್ ಗಂಭೀರ ಫೌಲ್, ಆಟಗಾರನನ್ನು ಹೊರಗೆ ಕಳಿಸಲೇಬೇಕು. ಆದರೆ ಆ ಡಿಫೆಂಡರ್ ಕೊನೆಯ ಪಂದ್ಯದಲ್ಲಿ ವಿಲನ್ ಆಗಿ ಬೇಕಲ್ಲ, ಹೊರಗೆ ಕಳಿಸಿದರೆ ಹೇಗೆ? ಆಫ್‌ಸೈಡಿನಂಥ ನಿಯಮಕ್ಕೆ ಕೂದಲು ಸೀಳುವ ಅಭಿಮಾನಿಗಳು ಇದನ್ನು ಮಾತ್ರ ಸುಮ್ನೆ ನುಂಗಿಕೊಂಡರು. ನನ್ನ ಮಗಳ ತಲೆಯಲ್ಲಿ ಕೂತಿದ್ದು ಏನು ಗೊತ್ತಾ? ಇನ್ನೊಬ್ಬರ ಕಾಲು ಮುರಿದವನಿಗೆ ಏನೂ ಶಿಕ್ಷೆ ಆಗುವುದಿಲ್ಲ ಅಂತ.

ಅವಳು ಕೋಚಿಂಗಿಗೆ ಹೋಗುವುದನ್ನು ನಿಲ್ಲಿಸಿದಳು. "ಯಾರಾದ್ರೂ ಜಾರ್ಕೊಂಡು ಬಂದ್ರೆ ಅಪ್ಪಾ?" ಅನ್ನುವುದೊಂದೇ ಪ್ರಶ್ನೆ. ಅವರ ಕೋಚ್ ಮನೆಗೇ ಬಂದು, "ನಮ್ಮ ಚಿಕ್ಕ ಮಕ್ಕಳ ಗುಂಪಲ್ಲಿ ಸ್ಲೈಡ್ ಟ್ಯಾಕಲ್ ಮಾಡೋ ಹಾಗೇ ಇಲ್ಲ ಪುಟ್ಟಾ" ಅಂತ ಹೇಳಿದರು. ತಲೆಯಾಡಿಸಿದಳು. ಶೂ ಮಾತ್ರ ಹಾಕಿಕೊಳ್ಳಲಿಲ್ಲ. ಅಣ್ಣನ ಕತೆ ಬೇರೆ. ಅವನು ಗ್ಯಾಲರಿಯ ಘೋಷಣೆಗಳನ್ನು ಚೆನ್ನಾಗಿ ಕಲಿತುಕೊಂಡ. ಎದುರು ತಂಡದ ಗೋಲ್‌ಕೀಪರನ ತಾಯಿಯ ಬಗ್ಗೆ ಇರುವ ಒಂದನ್ನು ನೆಂಟರ ಮುಂದೆ ರಾಗವಾಗಿ ಹಾಡಿಯೂ ತೋರಿಸಿದ. ಅದನ್ನೂ ಅಭಿಮಾನಿಗಳು ‘ಸ್ಟೇಡಿಯಂನಲ್ಲೇ ಕೂತ ಹಾಗಿತ್ತು’ ಅಂತ ಹೊಗಳಿದ್ದರು. ಅದಂತೂ ನಿಜ.

ಈ ಹೊಗಳಿಕೆ ಎಲ್ಲಿಂದ ಹುಟ್ಟುತ್ತದೆ ಅಂತ ತಿಳಿದುಕೊಂಡರೆ ಅರ್ಧ ಎಚ್ಚರ ತಾನಾಗಿಯೇ ಬರುತ್ತದೆ. ದೊಡ್ಡ ಸಿನಿಮಾಗಳಿಗೆ ಬಿಡುಗಡೆಗೆ ಮುಂಚೆ ಪ್ರಿವ್ಯೂ ಇರುತ್ತದೆ. ಫುಟ್‌ಬಾಲ್ ಸಿನಿಮಾ ಅಂದರೆ ಆಟದ ಹುಚ್ಚಿರುವವರಿಗೇ ಮೊದಲ ಕರೆ. ನೋಡಿದವರು ಏನು ಯಾವಾಗ ಬರೆಯಬಹುದು ಅನ್ನುವುದಕ್ಕೆ ಸ್ಟುಡಿಯೋಗಳು ಗಡುವು ಹಾಕುತ್ತವೆ. ಬಹಳ ಸಲ ಆ ಗಡುವು ಎರಡಿರುತ್ತದೆ. ಸೋಷಿಯಲ್ ಮೀಡಿಯಾದಲ್ಲಿ ಎರಡು ಸಾಲು ಬರೆಯಲು ಮೊದಲು ಬಿಡುತ್ತಾರೆ. ಪೂರ್ತಿ ವಿಮರ್ಶೆಗೆ ಅನುಮತಿ ಸಿಗುವುದು ಆಮೇಲೆ, ಕೆಲವೊಮ್ಮೆ ಬಿಡುಗಡೆ ಹತ್ತಿರ ಬಂದಾಗ. ಹಾಗಾಗಿ ಮೊದಲು ನಮ್ಮ ಕಣ್ಣಿಗೆ ಬೀಳುವುದು ಬರೀ ಉದ್ಗಾರ. ಯಾವ ದೃಶ್ಯ ಹೇಗಿದೆ, ಎಷ್ಟು ಹೊತ್ತು ಇದೆ ಅಂತ ಬಿಡಿಸಿ ಹೇಳುವ ಬರಹ ಇನ್ನೂ ಬಂದೇ ಇರುವುದಿಲ್ಲ. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ‘ಹೇಗಿತ್ತು?’ ಅಂತ ಕೇಳುವ ವೀಡಿಯೊಗಳಂತೂ ಬಿಡಿ. ‘ಪರವಾಗಿಲ್ಲ, ನಡುವೆ ಸ್ವಲ್ಪ ಬೋರು’ ಅಂದವರ ಮುಖ ಪ್ರಚಾರದ ವೀಡಿಯೊದಲ್ಲಿ ಯಾವತ್ತಾದರೂ ಕಂಡಿದೆಯಾ?

ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಸಿನಿಮಾಸ್ಕೋರ್ ಅನ್ನುವ ಅಮೆರಿಕದ ಸಂಸ್ಥೆ ಮೊದಲ ದಿನ ನೋಡಿದವರ ಕೈಗೆ ಕಾರ್ಡ್ ಕೊಟ್ಟು ದರ್ಜೆ ಕೇಳುತ್ತದೆ. ಮೊದಲ ದಿನವೇ ನುಗ್ಗುವವರು ಯಾರು? ಆ ಸಿನಿಮಾಗಾಗಿ ಕಾದಿದ್ದವರೇ ಅಲ್ವಾ? ರಾಟನ್ ಟೊಮೇಟೋಸ್ ಅನ್ನುವ ವಿಮರ್ಶೆಗಳ ಸೈಟಿನಲ್ಲಿ ಪ್ರೇಕ್ಷಕರ ಶೇಕಡಾ 95 ಅಂತ ಕಂಡರೆ ಸಿನಿಮಾಗೆ ನೂರಕ್ಕೆ 95 ಅಂಕ ಬಂದಿದೆ ಅಂತ ಅಲ್ಲ. ಐದಕ್ಕೆ ಮೂರೂವರೆ ಅಥವಾ ಅದಕ್ಕಿಂತ ಜಾಸ್ತಿ ಸ್ಟಾರ್ ಕೊಟ್ಟವರು ಅಷ್ಟು ಜನ ಅಂತ. ಅಲ್ಲಿ ಟಿಕೆಟ್ ಕೊಂಡಿದ್ದು ಖಚಿತವಾದವರ ಅಂಕವನ್ನು ಬೇರೆಯಾಗಿ ತೋರಿಸಲು ಶುರು ಮಾಡಿದ್ದು 2019ರಲ್ಲಿ. ಅದು ಒಳ್ಳೆಯದೇ. ಆದರೂ ಟಿಕೆಟ್ ಕೊಂಡವನು ಒಬ್ಬನೇ ಹೋಗಿದ್ದನೋ, ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದನೋ ಅನ್ನುವುದು ಯಾವ ಅಂಕದಲ್ಲೂ ಕಾಣುವುದಿಲ್ಲ.

ಹಳೆಯ ಸಿನಿಮಾಗಳ ವಿಷಯದಲ್ಲೂ ಇದೇ ಗೋಳು. 1981ರ ‘ಎಸ್ಕೇಪ್ ಟು ವಿಕ್ಟರಿ’ ಬಗ್ಗೆ ಯಾವ ಅಭಿಮಾನಿಯನ್ನಾದರೂ ಕೇಳಿ. ಪೆಲೆ ಹೊಡೆದ ಬೈಸಿಕಲ್ ಕಿಕ್ ಬಗ್ಗೆ ಕಣ್ಣರಳಿಸಿ ಹೇಳುತ್ತಾರೆ. ಇಂಗ್ಲೆಂಡಿನ ಆಟಗಾರ ಬಾಬಿ ಮೂರ್ ಇದ್ದಾರೆ, ಮಕ್ಕಳಿಗೆ ತೋರಿಸಲೇಬೇಕು ಅನ್ನುತ್ತಾರೆ. ಅದು ನಾಜಿಗಳ ಯುದ್ಧಕೈದಿಗಳ ಶಿಬಿರದಲ್ಲಿ ನಡೆಯುವ ಕತೆ. ಸಿಲ್ವೆಸ್ಟರ್ ಸ್ಟಲೋನ್ ಪಾತ್ರಕ್ಕೆ ತಂಡದಲ್ಲಿ ಜಾಗ ಸಿಗಲಿ ಅಂತ ತಮ್ಮದೇ ಗೋಲ್‌ಕೀಪರನ ಕೈಯನ್ನು ಬೇಕಂತಲೇ ಮುರಿಯುವ ದೃಶ್ಯ ಅದರಲ್ಲಿದೆ. ಅದನ್ನು ನೆನಪಿಟ್ಟುಕೊಂಡು ಮುಂಚೆಯೇ ಹೇಳಿದ ಅಭಿಮಾನಿ ನನಗಂತೂ ಸಿಕ್ಕಿಲ್ಲ. 2005ರ ‘ಗೋಲ್!’ ಕೂಡ ಹಾಗೇ. ನ್ಯೂಕಾಸಲ್ ಕ್ಲಬ್ ಪರ ಹುಡುಗ ಹೊಡೆಯುವ ಫ್ರೀ ಕಿಕ್ ಎಲ್ಲರಿಗೂ ನೆನಪಿದೆ. ನಡುವೆ ಅವನ ಅಪ್ಪ ತೀರಿಹೋಗುವುದು ಯಾರಿಗೂ ನೆನಪಿಲ್ಲ. ಎರಡೂ ಮುಟ್ಟಬಾರದ ಸಿನಿಮಾಗಳು ಅಂತ ನಾನು ಹೇಳುತ್ತಿಲ್ಲ. ಅಭಿಮಾನಿಯ ತಲೆಯಲ್ಲಿ ಗೋಲು ಉಳಿಯುತ್ತದೆ, ಮಿಕ್ಕಿದ್ದು ಜರಡಿಯಲ್ಲಿ ಇಳಿದುಹೋಗುತ್ತದೆ.

ಯಾವ ವಯಸ್ಸಿನವರು ನೋಡಬಹುದು ಅಂತ ಹೇಳುವ ಸೆನ್ಸಾರ್ ಸರ್ಟಿಫಿಕೇಟ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ಅಕ್ಷರ ಮಾತ್ರ ನೋಡಿದರೆ ಸಾಲದು. ಅಮೆರಿಕದಲ್ಲಿ 1984ರಲ್ಲಿ ಬಂದ ಪಿಜಿ-13, ಬ್ರಿಟನ್ನಿನಲ್ಲಿ 2002ರಿಂದ ಇರುವ 12ಎ, ಭಾರತದಲ್ಲಿ 2024ರ ನಿಯಮಗಳು ತಂದ ಯುಎ 7+, 13+, 16+. ಇವು ಯಾವುದೂ ಅಪ್ಪ ಅಮ್ಮನ ಕೈ ಹಿಡಿದು ಬಂದ ಆರು ವರ್ಷದ ಮಗುವನ್ನು ಬಾಗಿಲಲ್ಲಿ ತಡೆಯುವುದಿಲ್ಲ. ತೀರ್ಮಾನ ನಮಗೇ ಬಿಟ್ಟಿರುತ್ತಾರೆ. ಅಮೆರಿಕ, ಬ್ರಿಟನ್ನುಗಳಲ್ಲಿ ಆ ಅಕ್ಷರದ ಜೊತೆಗೆ ಸಣ್ಣ ಅಕ್ಷರದಲ್ಲಿ ಕಾರಣವನ್ನೂ ಬರೆದಿರುತ್ತಾರೆ. ಬೈಗುಳ, ಕುಡಿತ, ಗಾಯ, ಹೀಗೆ. ನಿಮಗೆ ಬೇಕಾಗಿರುವುದು ಆ ಸಾಲು. ಸರ್ಟಿಫಿಕೇಟ್ ಕೊಡುವ ಬ್ರಿಟನ್ನಿನ ಮಂಡಳಿ ತನ್ನ ಸೈಟಿನಲ್ಲಿ ಇನ್ನೂ ಬಿಡಿಸಿ ಹಾಕುತ್ತದೆ. ಸಿನಿಮಾ ಅಲ್ಲಿಯೂ ಬಿಡುಗಡೆಯಾಗಿದ್ದರೆ ಒಮ್ಮೆ ಹುಡುಕಿ ಓದಿ.

ಐಎಂಡಿಬಿ ಅನ್ನುವ ಸಿನಿಮಾ ಮಾಹಿತಿಯ ಸೈಟಿನಲ್ಲಿ ಪ್ರತಿ ಸಿನಿಮಾಗೂ ‘ಪೇರೆಂಟ್ಸ್ ಗೈಡ್’ ಅನ್ನುವ ಭಾಗ ಇರುತ್ತದೆ. ಹಿಂಸೆ, ಬೈಗುಳ, ಕುಡಿತ, ಹೆದರಿಸುವ ದೃಶ್ಯ ಅಂತ ಬೇರೆ ಬೇರೆ ಪಟ್ಟಿ. ಅದನ್ನು ತುಂಬಿಸುವವರು ನಮ್ಮಂಥ ನೋಡುಗರೇ, ಆದ್ದರಿಂದ ಮೊದಲ ಕೆಲವು ದಿನ ಖಾಲಿ ಇರುವುದೇ ಜಾಸ್ತಿ. ಕಾಮನ್ ಸೆನ್ಸ್ ಮೀಡಿಯಾ ಸೈಟಿನಲ್ಲಿ ಎಷ್ಟು ವಯಸ್ಸಿನವರಿಗೆ ಸರಿ ಅಂತ ಪೋಷಕರೂ ಮಕ್ಕಳೂ ಬೇರೆ ಬೇರೆಯಾಗಿ ಹೇಳಿರುತ್ತಾರೆ. ಇವೆರಡು ತುಂಬುವವರೆಗೆ ಕಾಯಿರಿ. ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಮೊದಲ ಶೋ ನೋಡಬೇಕು ಅನ್ನುವ ಹಟ ಮಕ್ಕಳದ್ದಲ್ಲ, ನಮ್ಮದು.

ಅಂದ ಹಾಗೆ ಸಬ್‌ಟೈಟಲ್ ಇದೆಯಾ ಅಂತಲೂ ನೋಡಿಕೊಳ್ಳಿ. ನಾವು ನೋಡಿದ ಸಿನಿಮಾದಲ್ಲಿ ಕಾಲು ಭಾಗ ಮಾತು ಬೇರೆ ಭಾಷೆಯಲ್ಲಿತ್ತು. ಓದಲು ಬಾರದ ಮಗುವಿಗೆ ಪ್ರತಿ ಸಾಲನ್ನೂ ಕಿವಿಯಲ್ಲಿ ಹೇಳುತ್ತಾ ಕೂರಬೇಕು. ಪಕ್ಕದವರು ಗುರಾಯಿಸುತ್ತಾರೆ, ಅದೂ ನ್ಯಾಯವೇ.

ಇದನ್ನೆಲ್ಲ ನಾನು ಅಭಿಮಾನಿಗಳ ಗುಂಪಿನಲ್ಲಿ ಹೇಳಿಯೂ ನೋಡಿದೆ. ‘ಫುಟ್‌ಬಾಲ್ ಅಂದ್ರೆ ಏಟು ಬೀಳುತ್ತೆ, ಹಾಗಾದ್ರೆ ಕಾರ್ಟೂನ್ ತೋರಿಸಿ’ ಅಂದರು. ‘ಮಕ್ಕಳನ್ನು ಇಷ್ಟು ಮೆತ್ತಗೆ ಬೆಳೆಸಬಾರದು’ ಅಂತ ಒಬ್ಬರು ಉಪದೇಶ ಮಾಡಿದರು. ನಾನು ಎದುರು ಕ್ಲಬ್ಬಿನವನು ಅಂತ ಇನ್ನೊಬ್ಬರು ಕಂಡುಹಿಡಿದರು. ಸಿನಿಮಾದ ಬಗ್ಗೆ ಸಣ್ಣ ತಕರಾರು ತೆಗೆದರೂ ಅದು ತಮ್ಮ ಆಟದ ಮೇಲೆ, ತಮ್ಮ ತಂಡದ ಮೇಲೆ ಹಾಕಿದ ಏಟು ಅಂತಲೇ ಅವರಿಗೆ ಅನಿಸುತ್ತದೆ. ಅಲ್ಲಿ ವಾದಕ್ಕೆ ಇಳಿಯಬೇಡಿ. ಸಮಯ ದಂಡ. ಆ ಜಗಳದ ನಡುವೆ ಒಬ್ಬ ತಾಯಿ ಮಾತ್ರ ನೇರ ಮೆಸೇಜ್ ಮಾಡಿ, ಯಾವ ದೃಶ್ಯ, ಸುಮಾರು ಯಾವ ಹೊತ್ತಿಗೆ ಬರುತ್ತದೆ ಅಂತ ಕೇಳಿಕೊಂಡರು. ಮಗನನ್ನು ಆ ಹೊತ್ತಿಗೆ ಹೊರಗೆ ಕರೆದುಕೊಂಡು ಹೋಗಿ ಬಂದರಂತೆ. ಮಿಕ್ಕ ಸಿನಿಮಾ ಅವನಿಗೆ ತುಂಬ ಇಷ್ಟವಾಯಿತಂತೆ.

ಗೆಳೆಯನನ್ನು ಈಗಲೂ ಕೇಳುತ್ತೇನೆ, ಅವನಷ್ಟು ಸಿನಿಮಾ ನೋಡುವವರು ನನಗೆ ಬೇರೆ ಯಾರೂ ಗೊತ್ತಿಲ್ಲ. ಕೇಳುವ ರೀತಿ ಮಾತ್ರ ಬದಲಾಗಿದೆ. ಹೇಗಿದೆ ಅಂತ ಕೇಳುವುದಿಲ್ಲ. ಯಾರಿಗೆ ಏಟು ಬೀಳುತ್ತದೆ, ಹತ್ತಿರದಿಂದ ತೋರಿಸುತ್ತಾರಾ, ಯಾರಾದರೂ ಸಾಯುತ್ತಾರಾ, ಅಪ್ಪ ಅಮ್ಮ ಜಗಳ ಆಡುತ್ತಾರಾ, ಗ್ಯಾಲರಿಯವರು ಏನಂತ ಕೂಗುತ್ತಾರೆ, ಎಷ್ಟು ಹೊತ್ತಿನ ಸಿನಿಮಾ ಅಂತ ಒಂದೊಂದಾಗಿ ಕೇಳುತ್ತೇನೆ. "ಕತೆ ಎಲ್ಲ ಹೇಳ್ಬಿಟ್ರೆ ಮಜಾ ಏನೋ?" ಅಂತ ಗೊಣಗುತ್ತಾನೆ. ಆದರೂ ಹೇಳುತ್ತಾನೆ.

ನಿಮ್ಮ ಮಕ್ಕಳು ಹನ್ನೆರಡು ದಾಟಿದ್ದು, ಟೀವಿಯಲ್ಲಿ ಪಂದ್ಯ ನೋಡಿ ಅಭ್ಯಾಸ ಇದ್ದರೆ ಈ ಥರದ ಸಿನಿಮಾಗೆ ಧಾರಾಳವಾಗಿ ಕರೆದುಕೊಂಡು ಹೋಗಿ. ನಾವು ನೋಡಿದ್ದರ ಕೊನೆಯ ಪಂದ್ಯ ನಿಜಕ್ಕೂ ಚೆನ್ನಾಗಿತ್ತಂತೆ. ನಾನು ನೋಡಲಿಲ್ಲ. ಅಷ್ಟು ಹೊತ್ತಿಗೆ ಮಗಳನ್ನು ಎತ್ತಿಕೊಂಡು ಹೊರಗೆ ನಿಂತಿದ್ದೆ.