ಹಕ್ಕಿ ನೋಡುವವರ ಗುಂಪಿನ ಹರಟೆಗೆ ವಾಟ್ಸಾಪ್ ವಾಸಿಯೋ, ಟೆಲಿಗ್ರಾಂ ವಾಸಿಯೋ?

ಹಕ್ಕಿ ನೋಡುವವರ ಗುಂಪು ಅಂದಮೇಲೆ ನವರಂಗ ಹಕ್ಕಿಯ ಫೋಟೋ ಜೊತೆ ಗುಡ್ ಮಾರ್ನಿಂಗ್, ಕ್ರಿಕೆಟ್ ಸ್ಕೋರ್ ಎಲ್ಲ ಬಂದೇ ಬರುತ್ತವೆ. ವಾಟ್ಸಾಪ್‌ನಲ್ಲಿ ಅಡ್ಮಿನ್ ಬೇರೆಯವರ ಮೆಸೇಜ್ ಅಳಿಸಬಹುದು. ಅಡ್ಮಿನ್‌ಗಳಷ್ಟೇ ಬರೆಯುವಂತೆ ಬೀಗವನ್ನೂ ಹಾಕಬಹುದು. ಆದರೆ ಬೀಗ ಹಾಕಿದರೆ "ಇದ್ಯಾವ ಹಕ್ಕಿ?" ಎಂಬ ಪ್ರಶ್ನೆಯೂ ನಿಂತುಹೋಗುತ್ತದೆ, ಅಲ್ವಾ? ಅಳಿಸಿದರೆ ಮುನಿಸು ಗ್ಯಾರಂಟಿ. ಹಿರಿಯರದ್ದಂತೂ ವಾರಗಟ್ಟಲೆ! ಕಮ್ಯುನಿಟಿ (ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರುವ ಸೌಲಭ್ಯ) ಮಾಡಿ, ಹರಟೆಗೆ ಬೇರೆ ಗುಂಪು ಕೊಡುವುದೇ ಮೇಲು.

ಟೆಲಿಗ್ರಾಂನಲ್ಲಿ ಒಂದೇ ಗುಂಪಿನೊಳಗೆ ಟಾಪಿಕ್ ಮಾಡಬಹುದು: ಹಕ್ಕಿ ಗುರುತಿಸಲು ಒಂದು, ಹರಟೆಗೆ ಒಂದು. ಸ್ಲೋ ಮೋಡ್ ಹಾಕಿದರೆ ಒಂದು ಮೆಸೇಜ್ ಆದಮೇಲೆ ಇನ್ನೊಂದಕ್ಕೆ ಕಾಯಬೇಕು, 1 ಗಂಟೆಯವರೆಗೂ. ವಾಟ್ಸಾಪ್ ಗುಂಪಿಗೆ 1,024 ಜನರ ಮಿತಿ, ಇಲ್ಲಿ 2 ಲಕ್ಷ. ಆದರೆ ಅರ್ಧ ಜನರ ಫೋನಿನಲ್ಲಿ ಟೆಲಿಗ್ರಾಂ ಇಲ್ಲದಿದ್ದರೆ? 40 ಜನರ ಗುಂಪಾದರೆ ನಾನಂತೂ ವಾಟ್ಸಾಪ್ ಬಿಡುವುದಿಲ್ಲ.